ಎರಡು ಅಂಕ

ಬೆಟಗೇರಿಯ ನಮ್ಮ ಛಾಪಖಾನೆ ಮುಚ್ಚಿ ಆರು ವರ್ಷ.
ಮಾಳಿಗೆಯ ಮೇಲೆ ಮೊಳೆಗಳ ಖಾನೆಗಳು ಹಾಗೇ ಇವೆ.
ಐತವಾರ ಮಧ್ಯಾಹ್ನ ನಾವು ನಾಲ್ವರು
ಅವನ್ನೇ ಆಟದ ಕಾಯಿ ಮಾಡಿಕೊಂಡು
ಎಲ್ಲೂ ಇಲ್ಲದ ಒಂದು ರಾಜ್ಯದಲ್ಲಿ ಅಲೆಯುತ್ತೇವೆ.
ಕತೆ ನಡೆಸುವವಳು ನಾನು.
ಇಪ್ಪತ್ತು ಮುಖದ ದಾಳ ನನ್ನ ಡಬ್ಬಿಯಲ್ಲಿ.

ದಾವಲ್ ಕಳ್ಳ. ಅವನಿಗೆ ಅಲ್ಪವಿರಾಮದ ಮೊಳೆ,
ಎಲ್ಲಿ ಬೇಕಾದರೂ ತೂರುತ್ತದೆ.
ಶಾಂಭವಿ ಕೆಸರುಮಂದಿಯ ಮುದುಕಿ, ಗಾಯಕ್ಕೆ ಸೊಪ್ಪು ಕಟ್ಟುವವಳು:
ಈಗ ಯಾರೂ ಬರೆಯದ ಱ.
ಯಮನೂರಪ್ಪನದು ತಲೆಬರಹದ ದಪ್ಪ ಕ್ಷ,
ಕೋಟೆಯ ಸರದಾರ ಶಿಲಾಕೇತು.
(ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ.
ಎಳೆತನದಿಂದ ನನಗೆ ಹಾಗೆ ಓದುವುದೇ ಸಲೀಸು.)

ಸರದಾರನ ಹಾಳೆಯಲ್ಲಿ
ಬಲ, ಜಾಣತನ, ಓಟ, ಎಲ್ಲದರ ಕೆಳಗೆ, ಪೆನ್ಸಿಲ್ಲಿನಲ್ಲಿ:
‘ಸ್ವಭಾವ: ಕೆಸರುಮಂದಿ ಮುಟ್ಟಿದ ನೀರು ಕುಡಿಯೂದಿಲ್ಲ.’
ಕೆಟ್ಟ ಸ್ವಭಾವ ತಗೊಂಡರೆ ಬಲಕ್ಕೆ ಎರಡು ಅಂಕ ಹೆಚ್ಚು.
ನಿಯಮ ನನ್ನದೇ. ಆಟಕ್ಕೆ ರುಚಿ ಬರಲಿ ಅಂತ,
ಮಿರ್ಚಿಗೆ ಅಜವಾನ ಹಾಕಿದ ಹಾಗೆ.

ನಾಲ್ಕು ತಿಂಗಳು ಅವನು ಆ ಒಂದು ಸಾಲನ್ನು ಆಡಿದ.
ಬೈಗುಳ ಇಲ್ಲ, ಗದ್ದಲ ಇಲ್ಲ.
ಮುದುಕಿ ಹತ್ತಿರ ಬಂದರೆ
ಮಾತು ನಿಲ್ಲಿಸದೆಯೇ ಅರ್ಧ ಹೆಜ್ಜೆ ಹಿಂದೆ.
ಔಷಧಿ ತಂದರೆ ‘ಕೆಳಗಿಡು’. ನಗುತ್ತಲೇ.
ತಂಬಿಗೆಗೂ ಬೊಗಸೆಗೂ ನಡುವೆ ಎಷ್ಟು ಗಾಳಿ ಇರಬೇಕು,
ಅದನ್ನೂ ಗೇಣು ಹಾಕಿ ತೋರಿಸಿದ.
‘ಎಲ್ಲಿ ಕಲತೀಯೋ ಇದನ್ನೆಲ್ಲಾ?’ ದಾವಲ್ ಕೇಳಿದ.
‘ನೋಡಿ ನೋಡಿ,’ ಎಂದ ಗಿರಮಿಟ್ ಅಗಿಯುತ್ತ.
‘ಬೊಗಸಿ ಕಡೆ ನಿಂತು.’

ಈ ಐತವಾರ ಸರದಾರ ಉಸುಕಿನಲ್ಲಿ ಬಿದ್ದಿದ್ದಾನೆ,
ತೊಡೆಯಲ್ಲಿ ಬಾಣ. ನೀರಿರುವುದು ಮುದುಕಿಯ ಬಳಿ ಮಾತ್ರ.
ಶಾಂಭವಿಯ ಗಂಟಲು ಕಟ್ಟಿತು:
‘ಈಗರೆ ಬದಲಾಗ್ಲಿ ಅಂವಾ. ನಾ ಕುಡಸ್ತೀನಿ. ಕತಿ ಛಲೋ ಆಕ್ಕೈತಿ.’
‘ದಾಳ ಒಗೀಲಿ,’ ಎಂದ ದಾವಲ್.
‘ಹದಿನೈದರ ಮ್ಯಾಲೆ ಬಿದ್ರ ಮನಸ್ಸು ಕರಗ್ತು.’
ಯಮನೂರಪ್ಪ ದಾಳ ಮುಟ್ಟಲಿಲ್ಲ.
‘ಕುಡೀತಾನ. ನೀರಡಿಸೇತಿ, ಕುಡೀತಾನ.
ಬೆಳಗಾದ್ರ ಆಕೀನ್ನ ಇನ್ನಷ್ಟು ದೂರ ಇಡ್ತಾನ.
ಕುಡಿದದ್ದನ್ನ ಆಕಿ ನೋಡ್ಯಾಳಲ್ಲ.’

ಅಷ್ಟರಲ್ಲಿ ಓಣಿ ತುಂಬ ಕೂಗು: ನಳಾ ಬಂತು!
ಹದಿಮೂರು ದಿನದ ಮೇಲೆ.
ರಾಜ್ಯ ಬಿಟ್ಟು ಕೆಳಗೆ ಓಡಿದೆವು.
ಎದುರು ಮನೆಯ ಮಗ್ಗ ಕೂಡ ನಿಂತಿತ್ತು.
ಅವ್ವ ಬಾಗಿಲಲ್ಲಿ.
ನನ್ನ ಕೊಡ, ಶಾಂಭವಿಯ ಕೊಡ ಅಡಿಗೆಮನೆಯ ಹರವಿಗೆ.
ದಾವಲನದು ಕರಿಬೇವಿನ ಗಿಡಕ್ಕೆ.
ಯಮನೂರಪ್ಪನದು, ‘ಬಚ್ಚಲ ಹಂಡೆಕ್ಕ ಹಾಕ್ಪಾ, ಶಾಣ್ಯಾ.’
ಎಷ್ಟು ಮೆತ್ತಗೆ ಅಂದಳು,
ನೀರಿನ ಸಪ್ಪಳವೇ ದೊಡ್ಡದಿತ್ತು.
ನಾನು ಕೇಳಿಸಿಕೊಂಡೆ.
ಇಪ್ಪತ್ತೆಂಟು ವರ್ಷದಿಂದ ಕೇಳಿಸಿಕೊಂಡಿದ್ದೇನೆ.
ನನ್ನ ಕೊಡ ತುಂಬಿತ್ತು. ಒಳಗೆ ಒಯ್ದೆ.

ಮತ್ತೆ ಮಾಳಿಗೆ.
ಒದ್ದೆ ಕೈ ಪ್ಯಾಂಟಿಗೆ ಒರೆಸಿ ಅವನು ಹಾಳೆ ಎಳೆದುಕೊಂಡ.
‘ಒಂದ್ ಕೇಳ್ತೀನಿ. ಸ್ವಭಾವ ಬಿಟ್ರ
ಆ ಎರಡು ಅಂಕ ವಾಪಸ್ ಕೊಡಬೇಕೇನು?’
ಅದನ್ನು ನಾನು ಬರೆದಿರಲಿಲ್ಲ.
ಬದಲಾದವರು ಗಳಿಸಿದ್ದನ್ನು ಇಟ್ಟುಕೊಳ್ಳುತ್ತಾರೆ
ಅಂತಲೇ ಹಿಡಿದಿದ್ದೆ.
‘ಕೊಡಬೇಕು,’ ಎಂದೆ. ಬಾಯಿ ಒಣಗಿತ್ತು.

‘ಹಂಗಾರ ಸ್ವಭಾವ ಸದ್ಯಕ್ಕ ಇರ್ಲಿ.’
ರಬ್ಬರ್ ಹುಡುಕಿ, ಬಲದ ಮನೆಯಲ್ಲಿ
ಹದಿನೆಂಟು ಅಳಿಸಿ ಹದಿನಾರು ಬರೆದ.
‘ಮೊದ್ಲ ಅಂಕ ಕೊಡ್ಲಿ ಅಂವಾ. ಮನಸ್ಸಿಂದು ಆಮ್ಯಾಲೆ ನೋಡೂಣು.’

‘ಆ ಖಡ್ಗ ಎತ್ತಾಕ ಹದಿನೇಳರೆ ಬೇಕು,’ ಎಂದಳು ಶಾಂಭವಿ.
‘ಬಿಟ್ ಬರ್ತಾನ,’ ಎಂದ.

ಕೆಳಗೆ ಹರವಿಯ ಮೇಲೆ ತಾಟು ಮುಚ್ಚಿದ ಸಪ್ಪಳ.
ಮುಂದಿನ ನೀರು ಯಾವತ್ತೋ, ಯಾರಿಗೂ ಗೊತ್ತಿಲ್ಲ.
ರಬ್ಬರ್ ಇನ್ನೂ ಬೆಚ್ಚಗಿತ್ತು. ಕೈಗೆತ್ತಿಕೊಂಡು
ನನ್ನ ಹಾಳೆ ಹುಡುಕಿದೆ.
ಕತೆ ನಡೆಸುವವರಿಗೆ ಹಾಳೆ ಇರುವುದಿಲ್ಲ.
ಅದೂ ನನ್ನದೇ ನಿಯಮ.